ತೀರ್ಪಿನ ಮರುದಿನ ಶುರುವಾಗುವ ಕೆಲಸ

ನಮ್ಮ ಕಡೆ ಜಾಗದ ತಕರಾರೋ ಮನೆಯೊಳಗಿನ ಪಾಲಿನ ಜಗಳವೋ ದೈವದ ಎದುರಿಗೆ ಹೋದರೆ ಅಲ್ಲಿ ಆದ ನುಡಿಯೇ ಕೊನೆ. ಕಾನತ್ತೂರಿನ ದೈವಸ್ಥಾನಕ್ಕೆ ಹೋಗಿ ಬಂದವರು ಅದರ ಮೇಲೆ ಇನ್ನೊಂದು ಕಡೆ ಹೋಗುವ ಮಾತೆತ್ತುವುದಿಲ್ಲ. ಆ ನಂಬಿಕೆಯಲ್ಲಿ ಬೆಳೆದ ನಮಗೆ ಕೋರ್ಟಿನ ತೀರ್ಪೂ ಹಾಗೆಯೇ ಕಾಣುತ್ತದೆ. ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ 'ದೋಷಿ' ಎಂದ ಕೂಡಲೇ ಕೇಸು ಮುಗಿಯಿತು, ಸರ್ಕಾರಿ ವಕೀಲರು ಗೆದ್ದರು ಎಂದು ಪುತ್ತಿಗೆಯ ಅಂಗಡಿ ಜಗಲಿಯಲ್ಲಿ ಕೂತವರು ಪೇಪರು ಮಡಚಿ ಇಡುತ್ತಾರೆ. ಇಲ್ಲಿಂದ ಬಸ್ಸು ಹಿಡಿದು ಮಂಗಳೂರಿಗೆ ಕಾನೂನು ಓದಲು ಹೋಗುವ ಮಕ್ಕಳೂ ಮೊದಲ ವರ್ಷ ಅದನ್ನೇ ಕೇಳುತ್ತಾರೆ: "ಸರ್, ಶಿಕ್ಷೆ ಆದ ಮೇಲೆ ಪಿಪಿಯವರಿಗೆ ಇನ್ನೇನು ಕೆಲಸ ಉಂಟು?"

ಬೇಕಾದಷ್ಟು ಉಂಟು. ಆ ಕೆಲಸವನ್ನು ನಿಧಾನವಾಗಿ ಬಿಡಿಸಿ ಹೇಳುವುದಕ್ಕೇ ಈ ಲೇಖನ. ಕಾನೂನಿನ ಗಂಧಗಾಳಿ ಇಲ್ಲದವರೂ ಓದಬಹುದು. ಕಲಂ ಸಂಖ್ಯೆಗಳು ಬಂದರೆ ಗಾಬರಿ ಬೇಡ, ಬೇಕೆಂದಾಗ ಹುಡುಕಿಕೊಳ್ಳಲಿ ಎಂದು ಬರೆದಿದ್ದೇನೆ.

ಮೊದಲು ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದು. ಮೂಡುಬಿದಿರೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸರ್ಕಾರದ ಪರ ನಿಲ್ಲುವವರು ಸಹಾಯಕ ಸರ್ಕಾರಿ ಅಭಿಯೋಜಕರು, ನಮ್ಮ ಬಾಯಲ್ಲಿ ಎಪಿಪಿ. ಅಲ್ಲಿ ಶಿಕ್ಷೆಯಾದವರ ಅಪೀಲು ಮಂಗಳೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿರುವವರು ಸರ್ಕಾರಿ ಅಭಿಯೋಜಕರು, ಅಂದರೆ ಪಿಪಿ. ಕೊಲೆಯಂಥ ದೊಡ್ಡ ಪ್ರಕರಣ ಸೆಷನ್ಸಿನಲ್ಲೇ ನಡೆದು ಶಿಕ್ಷೆಯಾದರೆ ಅಪೀಲು ನೇರ ಬೆಂಗಳೂರಿನ ಹೈಕೋರ್ಟಿಗೆ. ಅಲ್ಲಿ ರಾಜ್ಯ ಸರ್ಕಾರಿ ಅಭಿಯೋಜಕರು, ಅವರ ಕೈಕೆಳಗೆ ಹೆಚ್ಚುವರಿ ಅಭಿಯೋಜಕರು ಮತ್ತು ಹೈಕೋರ್ಟ್ ಸರ್ಕಾರಿ ಪ್ಲೀಡರುಗಳು ಇರುತ್ತಾರೆ. ಧಾರವಾಡ, ಕಲಬುರಗಿಯಲ್ಲಿ 2008ರಿಂದ ಹೈಕೋರ್ಟಿನ ಪೀಠಗಳಿದ್ದರೂ ದಕ್ಷಿಣ ಕನ್ನಡದ ಕಡತ ಘಟ್ಟ ಹತ್ತಿ ಬೆಂಗಳೂರಿಗೇ ಹೋಗಬೇಕು. ಮಂಗಳೂರಿನಲ್ಲಿ ಒಂದು ಪೀಠ ಬೇಕೆಂದು ಇಲ್ಲಿನ ವಕೀಲರು ಕೇಳುತ್ತಿರುವುದು ಸುಮ್ಮನೆ ಅಲ್ಲ. ಮಗ ಜೈಲಿನಲ್ಲಿರುವ ತಾಯಿಗೂ, ಮಗನನ್ನು ಕಳೆದುಕೊಂಡ ತಾಯಿಗೂ ಆ ದಾರಿ ಅಷ್ಟೇ ದೂರ.

ಇನ್ನು ದಿನಗಳ ಲೆಕ್ಕ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸಿಗೆ ಹೋಗಲು 30 ದಿನ, ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ, ಗಲ್ಲು ಶಿಕ್ಷೆಯಾಗಿದ್ದರೆ 30 ದಿನ. ಆರೋಪಿ ಬಿಡುಗಡೆಯಾಗಿದ್ದು ಸರ್ಕಾರವೇ ಅಪೀಲು ಹಾಕುವುದಾದರೆ 90 ದಿನ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 374ನೇ ಕಲಂ ಈಗ 415, ಶಿಕ್ಷೆ ಅಮಾನತಿನ 389 ಈಗ 430. ಹಿರಿಯ ವಕೀಲರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಬರುತ್ತವೆ. ನೀವು ಎರಡನ್ನೂ ಕಲಿಯಿರಿ.

ಅಪೀಲು ದಾಖಲಾದೊಡನೆ ಪಿಪಿಯ ಮೇಜಿಗೆ ಬರುವ ಮೊದಲ ಕಾಗದ ಸಾಮಾನ್ಯವಾಗಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂಬ ಅರ್ಜಿ. ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಆತ ಜಾಮೀನಿನ ಮೇಲಿದ್ದವನಾದರೆ, ಶಿಕ್ಷೆ ಕೊಟ್ಟ ನ್ಯಾಯಾಲಯವೇ ಅಪೀಲು ಹಾಕುವಷ್ಟು ಸಮಯ ಜಾಮೀನಿನ ಮೇಲೆ ಬಿಡಬಹುದು. ಆದರೆ ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಗೆ ಗುರಿಯಾಗುವ ಅಪರಾಧವಾದರೆ, ಜಾಮೀನು ಕೊಡುವ ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತವಾಗಿ ಆಕ್ಷೇಪ ಹೇಳಲು ಅವಕಾಶ ಕೊಡಲೇಬೇಕೆಂದು ಕಾನೂನು ಹೇಳುತ್ತದೆ. ಈ ಲಿಖಿತ ಆಕ್ಷೇಪವನ್ನು ಹೊಸಬರು ಬಹಳ ಹಗುರವಾಗಿ ಕಾಣುತ್ತಾರೆ. 'ಅಪರಾಧ ಘೋರವಾದದ್ದು, ಜಾಮೀನು ಕೊಡಬಾರದು' ಎಂದು ಎಲ್ಲ ಕೇಸಿಗೂ ಒಂದೇ ಸಾಲು ಬರೆದರೆ ಆ ಕಾಗದಕ್ಕೆ ಬೆಲೆಯಿಲ್ಲ. ಸಾಕ್ಷಿಗಳ ಮನೆ ಆತನ ಮನೆಯಿಂದ ಎಷ್ಟು ದೂರ, ವಿಚಾರಣೆ ವೇಳೆ ಜಾಮೀನಿನಲ್ಲಿದ್ದಾಗ ಹೇಗೆ ನಡೆದುಕೊಂಡ, ಜೈಲಿನಲ್ಲಿ ಈಗಾಗಲೇ ಎಷ್ಟು ವರ್ಷ ಕಳೆದಿದ್ದಾನೆ, ಅಪೀಲು ಸದ್ಯಕ್ಕೆ ವಿಚಾರಣೆಗೆ ಬರುವಂತಿದೆಯೇ, ಇಷ್ಟನ್ನಾದರೂ ಠಾಣೆಯಿಂದ ಕೇಳಿ ತಿಳಿದು ಬರೆಯಬೇಕು. ವರ್ಷಗಟ್ಟಲೆ ಅಪೀಲು ಕೇಳುವುದೇ ಆಗದಿದ್ದರೆ ಒಬ್ಬನನ್ನು ಒಳಗಿಟ್ಟುಕೊಳ್ಳುವುದು ಸರಿಯೇ ಎಂದು ನ್ಯಾಯಪೀಠ ಕೇಳುತ್ತದೆ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ನಿಮ್ಮ ಹತ್ತಿರ ಇರಬೇಕು.

ಮುಂದಿನದು ಓದು. ಈ ಕೆಲಸದ ಮುಕ್ಕಾಲು ಪಾಲು ಓದೇ. ಕೆಳ ನ್ಯಾಯಾಲಯದಲ್ಲಿ ಸಾಕ್ಷಿ ಕಟಕಟೆಯಲ್ಲಿ ನಿಂತಿರುತ್ತಾನೆ. ಅವನ ಮುಖ ಕಾಣುತ್ತದೆ, ತಡವರಿಸಿದ್ದು ಕೇಳುತ್ತದೆ. ಅಪೀಲಿನಲ್ಲಿ ಸಾಕ್ಷಿ ಬರುವುದಿಲ್ಲ. ಕೆಳಗಿನ ನ್ಯಾಯಾಲಯದಿಂದ ಕಟ್ಟು ಬರುತ್ತದೆ: ಪ್ರಥಮ ವರ್ತಮಾನ ವರದಿ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಪಿಡಬ್ಲ್ಯೂ 1 (ಸರ್ಕಾರದ ಪರದ ಮೊದಲ ಸಾಕ್ಷಿ) ರಿಂದ ಕೊನೆಯ ಸಾಕ್ಷಿಯವರೆಗಿನ ಹೇಳಿಕೆ, ಮುದ್ದೆಮಾಲುಗಳ ಪಟ್ಟಿ. ಅಲ್ಲಿ ಬರೆದಿರುವುದಷ್ಟೇ ನಿಮ್ಮ ಆಸ್ತಿ. ಬರೆಯದೆ ಉಳಿದದ್ದನ್ನು ಹೈಕೋರ್ಟಿನಲ್ಲಿ ನಿಂತು ಬಾಯಿಂದ ಸೇರಿಸಲು ಬರುವುದಿಲ್ಲ.

ಈ ಓದಿನಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಹೊಣೆ ಉಂಟು. ಪುತ್ತಿಗೆಯ ಸಾಕ್ಷಿ ಮಾತಾಡುವುದು ತುಳುವಿನಲ್ಲಿ. ನ್ಯಾಯಾಲಯದಲ್ಲಿ ಅದು ಕನ್ನಡವಾಗಿ ಬರಹಕ್ಕಿಳಿಯುತ್ತದೆ. ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಾಗುತ್ತದೆ. ಒಂದು ಉದಾಹರಣೆ ಊಹಿಸಿಕೊಳ್ಳಿ. ಹೊಡೆದದ್ದು ಯಾರೆಂದು ಕೇಳಿದಾಗ ಸಾಕ್ಷಿ ಊರಿನ ಹಿರಿಯನೊಬ್ಬನನ್ನು ಮರ್ಯಾದೆಯಿಂದ 'ಆರ್' ಎನ್ನುತ್ತಾನೆ. ತುಳುವಿನಲ್ಲಿ ಅದು ಒಬ್ಬರೇ. ಹಲವರಾಗಿದ್ದರೆ 'ಆಕುಲು' ಎನ್ನುತ್ತಿದ್ದ. ಕನ್ನಡದಲ್ಲಿ ಬರೆಯುವಾಗ ಎರಡೂ 'ಅವರು' ಆಗಿಬಿಡುತ್ತವೆ: 'ಅವರು ಹೊಡೆದರು.' ಆ ಕನ್ನಡವನ್ನು ಇಂಗ್ಲಿಷಿಗೆ ತರುವವನು ಬಹುವಚನವನ್ನೇ ಹಾಕಿದರೆ ಒಬ್ಬ ಮುದುಕ ಗುಂಪಾಗಿಬಿಟ್ಟ. ಕೊಲೆ ಪ್ರಕರಣದಲ್ಲಿ ಇದು ವ್ಯಾಕರಣದ ಮಾತಲ್ಲ. ಹಲವರ ಸಮಾನ ಉದ್ದೇಶ ಇತ್ತೇ, ಕಾನೂನುಬಾಹಿರ ಕೂಟಕ್ಕೆ ಬೇಕಾದ ಐವರು ಇದ್ದರೇ ಎಂಬುದೆಲ್ಲ ಆ ಒಂದು ಪದದ ಮೇಲೆ ನಿಲ್ಲಬಹುದು. ಜೊತೆಗೆ ನಿಂತಿದ್ದ ಇಬ್ಬರು ಹುಡುಗರಿಗೆ ಜೀವಾವಧಿಯೋ ಬಿಡುಗಡೆಯೋ ಎಂಬುದೂ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಪ್ಲೀಡರಿಗೆ ಈ ಅನುಮಾನವೇ ಬರಲಿಕ್ಕಿಲ್ಲ. ನಿಮಗೆ ಬರಬೇಕು. ಬಂದರೆ ಅದು ಸರ್ಕಾರದ ಕೇಸಿಗೆ ಪೆಟ್ಟಾದರೂ ಪೀಠದ ಗಮನಕ್ಕೆ ತರಬೇಕು.

ಇಲ್ಲಿ ಕೆಲವರು ತಡೆಯುತ್ತಾರೆ. "ಅದು ಆರೋಪಿ ಪರ ವಕೀಲರ ಕೆಲಸವಲ್ಲವೇ?" ಅಲ್ಲ, ಇಬ್ಬರದೂ ಹೌದು. ಪಿಪಿಗೆ ಕಕ್ಷಿದಾರನಿಲ್ಲ. ಪೊಲೀಸರೂ ಅವರ ಕಕ್ಷಿದಾರರಲ್ಲ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದು ಅಭಿಯೋಜಕನ ಕೆಲಸವಲ್ಲ, ಆರೋಪಿಗೆ ಸಲ್ಲಬೇಕಾದ ಲಾಭ ದಾಖಲೆಯಲ್ಲಿದ್ದರೆ ಅದನ್ನು ಮುಚ್ಚಿಡಬಾರದು ಎಂದು ಶಿವಕುಮಾರ್ ವಿರುದ್ಧ ಹುಕಂ ಚಂದ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಶಿಕ್ಷೆಯಾದ ಮೇಲೆ ಈ ಹೊಣೆ ಇನ್ನೂ ಹೆಚ್ಚುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದರೆ ಈಗ ಆತ ಬರಿಯ ಆರೋಪಿಯಲ್ಲ, ಒಳಗಿದ್ದಾನೆ. ಎಷ್ಟೋ ಸಲ ಅವನ ಪರ ವಕೀಲರನ್ನು ಕಾನೂನು ಸೇವಾ ಸಮಿತಿ ನೇಮಿಸಿರುತ್ತದೆ, ಅರ್ಜಿಯೂ ಜೈಲಿನ ಅಧಿಕಾರಿಯ ಮೂಲಕವೇ ಬಂದಿರುತ್ತದೆ. ಅವನ ಮನೆಯವರಿಗೆ ಬೆಂಗಳೂರಿನ ದಾರಿ ಗೊತ್ತಿರುವುದಿಲ್ಲ.

ಓದಿನ ಬೆಲೆ ಏನೆಂದು ತಿಳಿಯಲು ಕರ್ನಾಟಕದ್ದೇ ಒಂದು ಪ್ರಕರಣವನ್ನು ಸ್ವಲ್ಪ ಹೊತ್ತು ನೋಡೋಣ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತು. ಮಂಗಳೂರು ಮೂಲದ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಅವರು 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಸಜೆ, ನೂರು ಕೋಟಿ ರೂಪಾಯಿ ದಂಡ ವಿಧಿಸಿದರು. ಶಿಕ್ಷೆಯ ಮೇಲೆ ಅಪೀಲು ಕರ್ನಾಟಕ ಹೈಕೋರ್ಟಿಗೆ ಹೋಯಿತು. ಆಗ ಎದ್ದ ಪ್ರಶ್ನೆ ಬಹಳ ಸರಳ: ಈ ಅಪೀಲಿನಲ್ಲಿ ಸರ್ಕಾರದ ಪರ ಮಾತಾಡುವವರು ಯಾರು?

ವಿಚಾರಣೆಯಲ್ಲಿ ವಿಶೇಷ ಅಭಿಯೋಜಕರಾಗಿದ್ದ ಭವಾನಿ ಸಿಂಗ್ ಅವರನ್ನೇ ಅಪೀಲಿಗೂ ತಮಿಳುನಾಡು ಸರ್ಕಾರ ನೇಮಿಸಿತ್ತು. ಅವರೇ ಹೈಕೋರ್ಟಿನಲ್ಲಿ ವಾದ ಮುಗಿಸಿಯೂ ಆಗಿತ್ತು. ಇದರ ವಿರುದ್ಧ ದ್ರಾವಿಡ ಮುನ್ನೇತ್ರ ಕಳಗದ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. ಇಬ್ಬರು ನ್ಯಾಯಮೂರ್ತಿಗಳು ಒಂದೊಂದು ಹೇಳಿದ್ದರಿಂದ ವಿಷಯ ಮೂವರ ಪೀಠಕ್ಕೆ ಬಂತು. 2015ರ ಏಪ್ರಿಲ್ 27ರಂದು ಆ ಪೀಠ ಹೇಳಿದ್ದು ಇಷ್ಟು: ಪ್ರಕರಣ ಕರ್ನಾಟಕಕ್ಕೆ ವರ್ಗವಾದ ಮೇಲೆ ಅಭಿಯೋಜಕರನ್ನು ನೇಮಿಸುವ ಅಧಿಕಾರ ಕರ್ನಾಟಕಕ್ಕೆ ಮಾತ್ರ, ತಮಿಳುನಾಡಿನ ನೇಮಕ ಕಾನೂನಿನ ಕಣ್ಣಿನಲ್ಲಿ ನಿಲ್ಲದು. ವಿಚಾರಣೆಗೆಂದು ನೇಮಕವಾದವರು ತಾವಾಗಿಯೇ ಅಪೀಲಿಗೂ ಮುಂದುವರಿಯುವಂತಿಲ್ಲ. ಹೊಸಬರು ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಡಬೇಕು. ಅಪೀಲಿನ ಅಭಿಯೋಜಕ ವಿಚಾರಣೆಯ ಅಭಿಯೋಜಕನ ನೆರಳಲ್ಲ. ಅದು ಬೇರೆಯೇ ಹುದ್ದೆ, ಬೇರೆಯೇ ನೇಮಕ. ಹೈಕೋರ್ಟಿನೊಡನೆ ಸಮಾಲೋಚಿಸಿ ಆಗಬೇಕಾದ ನೇಮಕ.

ಪೂರ್ತಿ ವಾದ ಮತ್ತೆ ಕೇಳಬೇಕಾಗಿಲ್ಲ, ಆದರೆ ಕರ್ನಾಟಕ ಒಂದು ದಿನದೊಳಗೆ ಲಿಖಿತ ವಾದ ಕೊಡಬಹುದು ಎಂದಿತು ಸುಪ್ರೀಂ ಕೋರ್ಟ್. ಆ ಒಂದು ದಿನದ ಹೊರೆ ಬಿದ್ದದ್ದು ನಮ್ಮ ಉಡುಪಿ ಕಡೆಯ ಬಿ.ವಿ. ಆಚಾರ್ಯರ ಹೆಗಲ ಮೇಲೆ. ಐದು ಬಾರಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿದ್ದವರು. ಇದೇ ಪ್ರಕರಣದಲ್ಲಿ ಮೊದಲು ವರ್ಷಗಟ್ಟಲೆ ವಿಶೇಷ ಅಭಿಯೋಜಕರಾಗಿದ್ದು ಕಡತದ ಮೂಲೆಮೂಲೆ ಬಲ್ಲವರು. ಮರುದಿನವೇ ಲಿಖಿತ ವಾದ ಸಲ್ಲಿಕೆಯಾಯಿತು. ಮೇ 11ರಂದು ಹೈಕೋರ್ಟ್ ಜಯಲಲಿತಾ ಮತ್ತು ಸಹ ಆರೋಪಿಗಳು ಸೇರಿ ಎಲ್ಲ ನಾಲ್ವರನ್ನೂ ಬಿಡುಗಡೆ ಮಾಡಿತು.

ಆ ತೀರ್ಪಿನಲ್ಲಿ ಸಾಲಗಳ ಒಂದು ಪಟ್ಟಿ ಇತ್ತು. ಒಟ್ಟು 24,17,31,274 ರೂಪಾಯಿ ಎಂದು ಬರೆದಿತ್ತು. ಪಟ್ಟಿಯಲ್ಲಿರುವ ಅಂಕಿಗಳನ್ನು ಒಂದೊಂದಾಗಿ ಕೂಡಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ಹೆಚ್ಚು! ಆದಾಯದ ಬದಿಗೆ ಇಷ್ಟು ಸೇರಿದ್ದರಿಂದ ಆದಾಯ ಮೀರಿದ ಆಸ್ತಿ ಶೇಕಡ 8.12 ಮಾತ್ರ ಎಂದಾಗಿ, ಹತ್ತರೊಳಗಿದೆ ಎಂಬ ಕಾರಣಕ್ಕೆ ಬಿಡುಗಡೆ ಸಿಕ್ಕಿತ್ತು. ಲೆಕ್ಕ ಸರಿಮಾಡಿದರೆ ಅದು ಶೇಕಡ 76 ದಾಟುತ್ತದೆ. ಆಚಾರ್ಯರು ಇದನ್ನು ಎತ್ತಿ ತೋರಿಸಿದರು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಬೆಂಗಳೂರಿನ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಮರಳಿ ನಿಲ್ಲಿಸಿ ಸಹ ಆರೋಪಿಗಳಾದ ವಿ.ಕೆ. ಶಶಿಕಲಾ ಮತ್ತು ಉಳಿದಿಬ್ಬರನ್ನು ಜೈಲಿಗೆ ಕಳಿಸಿತು. ಜಯಲಲಿತಾ ಅಷ್ಟರಲ್ಲಿ ತೀರಿಹೋಗಿದ್ದರು.

ಇದನ್ನು ರಾಜಕೀಯದ ಕತೆಯಾಗಿ ಓದಬೇಡಿ. ಪ್ರಾಥಮಿಕ ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕವನ್ನು ತೀರ್ಪಿನ ಪುಟದ ಮೇಲೆ ಬೆರಳಿಟ್ಟು ಮತ್ತೆ ಮಾಡಿದವರಿದ್ದರು ಎಂಬುದನ್ನು ನೋಡಿ. ದೊಡ್ಡವರು ಬರೆದಿದ್ದಾರೆಂದು ಒಟ್ಟು ಮೊತ್ತವನ್ನು ಒಪ್ಪಿ ಮುಂದಿನ ಪುಟ ತಿರುಗಿಸುವ ಮನಸ್ಸು ಈ ಕೆಲಸಕ್ಕೆ ಆಗದು.

ಬಿಡುಗಡೆಯ ವಿರುದ್ಧದ ಅಪೀಲು ಬೇರೆಯೇ ಪಾಠ, ಅದನ್ನು ಬೇಗ ಹೇಳಿಬಿಡುತ್ತೇನೆ. ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ, 2007. ನಮ್ಮ ರಾಜ್ಯದ್ದೇ ಕೇಸು, ದೇಶದಾದ್ಯಂತ ಉದಾಹರಿಸುತ್ತಾರೆ. ಬಿಡುಗಡೆಯಾದವನ ನಿರಪರಾಧಿತ್ವ ಎರಡು ಪಟ್ಟು ಗಟ್ಟಿಯಾಗುತ್ತದೆ, ಎರಡು ಅಭಿಪ್ರಾಯಗಳಿಗೆ ಅವಕಾಶವಿದ್ದರೆ ಬಿಡುಗಡೆಯನ್ನು ಕದಡಬಾರದು ಎಂಬುದು ಅದರ ಸಾರ. ಇನ್ನೊಂದು, ಮಲ್ಲಿಕಾರ್ಜುನ ಕೊಡಗಲಿ ಪ್ರಕರಣ, 2018. ನೊಂದವರು ಬಿಡುಗಡೆಯ ವಿರುದ್ಧ ತಾವೇ ಅಪೀಲು ಹಾಕಬಹುದು, ಮೊದಲು ಅನುಮತಿ ಬೇಡಬೇಕಿಲ್ಲ ಎಂದದ್ದು ಇದರಲ್ಲಿ. ಸರ್ಕಾರ ಅಪೀಲು ಹಾಕದಿದ್ದರೂ ಬಾಗಿಲು ಮುಚ್ಚುವುದಿಲ್ಲ ಎಂದು ಮನೆಯವರಿಗೆ ತಿಳಿಸುವುದು ಪಿಪಿಯ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.

ಈಗ ಗಲ್ಲು ಶಿಕ್ಷೆ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಟ್ಟರೂ ಹೈಕೋರ್ಟ್ ದೃಢಪಡಿಸುವ ತನಕ ಅದು ಜಾರಿಯಾಗುವುದಿಲ್ಲ. ಆರೋಪಿ ಅಪೀಲು ಹಾಕಲಿ ಬಿಡಲಿ, ಕಡತ ತಾನಾಗಿ ಮೇಲೆ ಹೋಗುತ್ತದೆ. ಇಬ್ಬರು ನ್ಯಾಯಮೂರ್ತಿಗಳ ಪೀಠ ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುತ್ತದೆ. ಬಂಟ್ವಾಳದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯುವತಿಯರನ್ನು ಸಯನೈಡ್ ಕೊಟ್ಟು ಕೊಂದ, ಕನ್ಯಾನದ ಶಾಲಾ ಶಿಕ್ಷಕನಾಗಿದ್ದ ಸಯನೈಡ್ ಮೋಹನ 2009ರಲ್ಲಿ ಸಿಕ್ಕಿಬಿದ್ದ; 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ವಿಧಿಸಿತು. ಬಂಟ್ವಾಳ ತಾಲೂಕಿನ ಯುವತಿಯೊಬ್ಬಳ ಕೊಲೆ ಪ್ರಕರಣದಲ್ಲಿ 2017ರ ಅಕ್ಟೋಬರಿನಲ್ಲಿ ಹೈಕೋರ್ಟ್ ಅಪರಾಧವನ್ನು ಎತ್ತಿಹಿಡಿದು, ಗಲ್ಲನ್ನು ಮಾತ್ರ ಕೊನೆಯುಸಿರಿನ ತನಕದ ಜೈಲುವಾಸಕ್ಕೆ ಇಳಿಸಿತು. ನಡುವೆ ವಿನಾಯಿತಿ ಇಲ್ಲ.

ಆ ದಿನ ಊರಿನಲ್ಲಿ ಹಲವರು 'ಸರ್ಕಾರ ಸೋತಿತು' ಎಂದರು. ಸೋತದ್ದೆಲ್ಲಿ? ಅಪರಾಧ ಸಾಬೀತಾಗಿದೆಯೇ ಎಂಬುದು ಒಂದು ಪ್ರಶ್ನೆ, ಜೀವ ತೆಗೆಯಬೇಕೇ ಎಂಬುದು ಇನ್ನೊಂದು. ವಿನಾಯಿತಿ ಇಲ್ಲದ ಜೀವಾವಧಿ ಎಂಬ ನಡುದಾರಿಯೂ ಕರ್ನಾಟಕದ ಪ್ರಕರಣದಿಂದಲೇ ಬಂದದ್ದು: ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆರೆಯಿತು. ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು, ಸೆಷನ್ಸ್ ನ್ಯಾಯಾಲಯ ಕೊಡುವಂತಿಲ್ಲ ಎಂದು 2015ರಲ್ಲಿ ಸಂವಿಧಾನ ಪೀಠ ಹೇಳಿತು. ಹಾಗೆಯೇ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆಯುತ್ತೇನೆ. ಜೀವಾವಧಿ ಎಂದರೆ 14 ವರ್ಷವಲ್ಲ, ಜೀವ ಇರುವ ತನಕ. ಇಂಥ ಕೊಲೆ ಪ್ರಕರಣಗಳಲ್ಲಿ 14 ವರ್ಷ ಆಗುವ ಮೊದಲು ಸರ್ಕಾರ ಬಿಡುಗಡೆಯ ಆದೇಶ ಮಾಡುವಂತಿಲ್ಲ, ಅಷ್ಟೆ. ಅಷ್ಟಾದ ಮೇಲೂ ಬಿಡಲೇಬೇಕೆಂದಿಲ್ಲ.

ಪುತ್ತಿಗೆಯಿಂದ ಮಂಗಳೂರಿಗೆ ಹೋಗುವ ಬಸ್ಸು ವಾಮಂಜೂರನ್ನು ದಾಟುತ್ತದೆ. 1994ರಲ್ಲಿ ಅಲ್ಲಿ ಒಂದೇ ಮನೆಯ ನಾಲ್ವರನ್ನು ಅವರ ಬಂಧುವೇ ಕೊಂದ. ಸೆಷನ್ಸ್ ನ್ಯಾಯಾಲಯದ ಗಲ್ಲು ಶಿಕ್ಷೆಯನ್ನು ಹೈಕೋರ್ಟ್ ಒಪ್ಪಿತು, 2003ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಅಲ್ಲಿಗೆ ಮುಗಿಯಿತೇ? ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗೆ ಹೋಯಿತು. ಒಂಬತ್ತು ವರ್ಷಕ್ಕೂ ಮೀರಿ ಉತ್ತರವಿಲ್ಲ. 2013ರಲ್ಲಿ ತಿರಸ್ಕಾರವಾಯಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹದಿನೈದು ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿದಾಗ ಅವರಲ್ಲಿ ಈತನೂ ಇದ್ದ. ಕಾರಣ ಅಪರಾಧ ಸಣ್ಣದೆಂದಲ್ಲ. ಸಾವನ್ನು ಎದುರಿಗಿಟ್ಟು ಅಷ್ಟು ವರ್ಷ ಕಾಯಿಸಿದ್ದೇ ಇನ್ನೊಂದು ಶಿಕ್ಷೆಯಾಯಿತೆಂದು. ಆಮೇಲೆ 2022ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯ ಮಾತು ಬಂದಾಗ ಸತ್ತವರ ಮನೆಯವರು ಬಿಡಬೇಡಿ ಎಂದು ಮನವಿ ಕೊಟ್ಟರು. 1994ರಿಂದ 2022: ಇಪ್ಪತ್ತೆಂಟು ವರ್ಷ, ಆ ಕಡತ ಮುಚ್ಚಲೇ ಇಲ್ಲ.

ಬಿಡುಗಡೆಯ ಆದೇಶ ಮಾಡುವುದು ಸರ್ಕಾರ, ಪಿಪಿಯಲ್ಲ. ಆದರೆ ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯವನ್ನು ಕಾರಣಸಹಿತ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಆದೇಶವನ್ನು ಯಾರಾದರೂ ಪ್ರಶ್ನಿಸಿದರೆ ಹೈಕೋರ್ಟಿನಲ್ಲಿ ಉತ್ತರ ಹೇಳಬೇಕಾದದ್ದು ಸರ್ಕಾರದ ವಕೀಲರೇ. ಇಲ್ಲಿ ಎರಡು ಮನೆಗಳು ನಿಮ್ಮ ಕಣ್ಣೆದುರು ಇರುತ್ತವೆ. ನಾಲ್ಕು ಹೆಣಗಳನ್ನು ಹೊತ್ತ ಮನೆ ಒಂದು, ಮೂವತ್ತು ವರ್ಷ ಹೊರಗೆ ಕಾಯುತ್ತಿರುವ ಮನೆ ಇನ್ನೊಂದು. ಯಾರ ಕಣ್ಣೀರು ಹೆಚ್ಚೆಂದು ಅಳೆಯಲು ಹೋಗಬೇಡಿ. ಜೈಲಿನ ನಡತೆಯ ದಾಖಲೆ, ವಯಸ್ಸು, ಆರೋಗ್ಯ, ಹೊರಬಂದರೆ ಸಾಕ್ಷಿಗಳಿಗೂ ನೊಂದವರಿಗೂ ಅಪಾಯವುಂಟೇ ಎಂಬ ವರದಿ, ಇವನ್ನು ಪೂರ್ತಿ ಪೀಠದ ಮುಂದಿಡಿ. ಯಾವುದನ್ನೂ ಕಡತದ ಕೆಳಗೆ ಸರಿಸಬೇಡಿ.

ಈ ಕೆಲಸಕ್ಕೆ ಬರುವ ದಾರಿ: ಹೈಕೋರ್ಟಿನಲ್ಲೋ ಸೆಷನ್ಸಿನಲ್ಲೋ ಪಿಪಿಯಾಗಲು ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿರಬೇಕು. ಹಾಗಾಗಿ ಇಂದಿನ ವಿದ್ಯಾರ್ಥಿಗೆ ಸಮಯವುಂಟು. ಆ ಸಮಯದಲ್ಲಿ ಏನು ಮಾಡಬೇಕೆಂದು ಕೇಳಿದರೆ ಒಂದೇ ಅಭ್ಯಾಸ ಹೇಳಿಕೊಡುತ್ತೇನೆ. ಯಾವುದಾದರೂ ಕೊಲೆ ಪ್ರಕರಣದ ಹೈಕೋರ್ಟ್ ತೀರ್ಪನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಸರ್ಕಾರಕ್ಕೆ ಬಲ ಕೊಡುವ ಸಾಕ್ಷ್ಯ, ಬಲಪುಟದಲ್ಲಿ ಅದಕ್ಕೆ ವಿರುದ್ಧವಾದದ್ದು ಬರೆಯಿರಿ. ತೀರ್ಪಿನ ಕೊನೆಯ ಪುಟ ಓದುವ ಮೊದಲು ಬರೆಯಬೇಕು, ಇಲ್ಲದಿದ್ದರೆ ಫಲಿತಾಂಶ ನಿಮ್ಮ ಕೈ ಹಿಡಿದು ಬರೆಸುತ್ತದೆ. ಬಲಪುಟ ಪ್ರತಿ ಸಲವೂ ಖಾಲಿಯಾಗಿಯೇ ಉಳಿದರೆ ನಿಮ್ಮ ಓದಿನಲ್ಲಿ ಏನೋ ತಪ್ಪಿದೆ, ಮತ್ತೆ ಮೊದಲಿಂದ ಓದಿ.

ಇನ್ನೂ ಹತ್ತಿರದ ಶಾಲೆ ಬೇಕಾದರೆ, ರಜೆಯ ದಿನಗಳಲ್ಲಿ ಮೂಡುಬಿದಿರೆಯ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ತೆರೆದ ನ್ಯಾಯಾಲಯ, ಯಾರೂ ಬೇಡವೆನ್ನುವುದಿಲ್ಲ. ತುಳು ಮಾತಾಡುವ ಸಾಕ್ಷಿ ಕಟಕಟೆ ಹತ್ತಿದಾಗ ಕಿವಿ ತೆರೆದಿಡಿ. ಅವನ ಬಾಯಿಂದ ಬಂದದ್ದು 'ಆರ್' ಎಂದೋ 'ಆಕುಲು' ಎಂದೋ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.